ಹಸಿ ತೊಗಲು

ಬಿಸಿನೀರು ಬೇಡವೆಂದು ಜೀನು ಹೊಲಿಯುವ ಅಮಾತೆಪ್ಪ ಮೊದಲೇ ಹೇಳಿದ್ದ. ಆದರೂ ಭಗವಂತರಾಯರ ವಾಡೆಯ ಒಳಗಿನಿಂದ ಬಂದದ್ದು ಹಬೆಯಾಡುವ ಕೊಡವೇ. ಚಳಿಯಲ್ಲಿ ಮುದುಕನ ಕೈ ಮರಗಟ್ಟೀತೆಂದು ಒಳಗೆ ಯಾರೋ ಹೆಂಗಸರು ಕನಿಕರಪಟ್ಟಿರಬೇಕು. ತಿರುಗಿ ಕಳಿಸುವ ಧೈರ್ಯ ಅವನಿಗಾಗಲಿಲ್ಲ. ಬಿಸಿನೀರು ತಾಕಿದರೆ ತೊಗಲು ಮುದುಡಿ ಹಪ್ಪಳದಂತಾಗುತ್ತದೆ. ಕುದುರೆಯ ಜೀನಿಗೂ ಅಷ್ಟೆ, ಈ ಮೋಟಾರಿನ ಗಾದಿಗೂ ಅಷ್ಟೆ. ಕೊಡವನ್ನು ಲಾಯದ ಬಾಗಿಲ ಗಾಳಿಗಿಟ್ಟು, ಅದು ಆರುವವರೆಗೆ ಕೆಳಗೆ ಕೂತ. ಸುರಪುರದಲ್ಲಿ ಕುದುರೆಗಳಿದ್ದ ಕಾಲಕ್ಕೆ ಅಪ್ಪನ ಹಿಂದೆ ಜೀನು ಹೊತ್ತುಕೊಂಡು ಇದೇ ಲಾಯಕ್ಕೆ ಬರುತ್ತಿದ್ದ. ಗೂಟಗಳು ಹಾಗೇ ಇದ್ದವು. ಕುದುರೆ ನಿಲ್ಲುತ್ತಿದ್ದ ಕಡೆ ಕಪ್ಪು ಮೋಟಾರು ನಿಂತಿತ್ತು, ಎರಡೂ ಕಣ್ಣು ಅವನ ಕಡೆಗೇ ಇಟ್ಟುಕೊಂಡು. ಅದನ್ನು ಎದುರಿಗೆ ನೋಡಲಾಗದೆ ಅವನು ಬೋಗುಣಿಯಲ್ಲಿ ನೆನೆಹಾಕಿದ್ದ ಅಂಟವಾಳದ ಕಾಯಿಗಳನ್ನು ಹಿಸುಕತೊಡಗಿದ. ನೊರೆ ಬಂತು. ನೊರೆ ಬಂದರೂ ಹಿಸುಕುತ್ತಲೇ ಇದ್ದ.

ಮೋಟಾರು ವಕೀಲ ಮನ್ಸೂರಅಲಿ ಸಾಹೇಬರದು. ಈಗ ಭಗವಂತರಾಯರದು. ಹೋದ ವರ್ಷ ನಿಜಾಮರ ನಿಶಾನೆ ಇಳಿದ ವಾರ ವಕೀಲರು ಊರು ಬಿಟ್ಟರು. ‘ನಾನೇ ನನ್ನ ಮಂದಿ ಕೊಟ್ಟು ಯಾದಗಿರಿ ಸ್ಟೇಷನ್ನಿಗೆ ಕಳಿಸಿದೆ, ಹೈದರಾಬಾದಿನ ಗಾಡಿ ಹತ್ತಿದರು, ಮೋಟಾರು ನನಗೇ ಬಿಟ್ಟು ಹೋದರು’ ಎಂದು ರಾಯರು ಕಟ್ಟೆಯ ಮೇಲೆ ಕೂತು ಹೇಳಿದ್ದರು. ಯಾರೂ ಎರಡನೆಯ ಮಾತು ಕೇಳಲಿಲ್ಲ. ಆ ದಿನಗಳಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಈಗಲೂ ಯಾರನ್ನಾದರೂ ಕೇಳಿದರೆ, ಆ ವಾರ ಊರಿನವರೆಲ್ಲ ಬೇರೆ ಬೇರೆ ಊರಲ್ಲೇ ಇದ್ದರು.

“ಏನ್ ಕಾಕಾ, ಮೋಟಾರಿಗಿ ಲಗಾಮು ಹಾಕ್ತಿ ಏನು?” ಹುಲಗಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. ರಾಯರ ಹೊಸ ಡ್ರೈವರ್. ಖಾಕಿ ಅಂಗಿ, ಕಿವಿಯಲ್ಲಿ ಸಿಕ್ಕಿಸಿದ ಬೀಡಿ.

“ಲಗಾಮು ನಿನಗ ಹಾಕಬೇಕಾಗ್ಯಾದ.”

“ಹಾಕಪಾ, ಹುರಳಿ ನುಚ್ಚು ಇಟ್ರ ಸಾಕು, ಓಡ್ತೀನಿ.” ಅವನು ಮೋಟಾರಿನ ಮೂತಿ ಸವರಿದ. “ನಾಡದು ಹೈದರಾಬಾದಿನಿಂದ ದೊಡ್ಡ ಸಾಹೇಬ್ರು ಬರಾಕತ್ಯಾರ. ಯಾದಗಿರ್ಯಾಗ ರೈಲ ಇಳೀತಾರ. ಧಣಿ ಇದರಾಗೇ ಕುಂದ್ರಿಸಿಕೊಂಡು ಬರೋರು. ಹಿಂದಿನ ಗಾದಿ ಕನ್ನಡಿ ಆಗಿರಬೇಕು ಅಂದಾರ ನೋಡು.”

“ಹಿಂದಿನದಕ್ಕ ಏನಾಗ್ಯಾದ?”

“ನನಗೇನ್ ಗೊತ್ತು? ನಾ ಆವಾಗ ಇಲ್ಲಿದ್ದಿಲ್ಲಪಾ. ರಾಮಸಮುದ್ರದಾಗ ಅತ್ತಿ ಮನ್ಯಾಗಿದ್ದೆ.” ‘ಆವಾಗ’ ಎಂಬ ಮಾತನ್ನು ಅಮಾತೆಪ್ಪ ಎತ್ತಿರಲಿಲ್ಲ. ಹುಲಗಪ್ಪನಿಗೂ ಅದು ಹೊಳೆದಿರಬೇಕು, ಬೀಡಿ ತೆಗೆದು ಹೊತ್ತಿಸಿಕೊಳ್ಳುತ್ತ ಬಾವಿಯ ಕಡೆ ಹೋದ.

ನೀರು ಆರಿತ್ತು. ಮುಂದಿನ ಗಾದಿಯಿಂದ ಶುರು ಮಾಡಿದ. ಮೆತ್ತನೆಯ ಅರಿವೆಯಲ್ಲಿ ಮೊದಲು ಧೂಳು, ಆಮೇಲೆ ನೊರೆ, ತೊಗಲಿಗೆ ನೀರು ಕುಡಿಯಲು ಬಿಡದಂತೆ ಹಿಂದೆಯೇ ಒಣ ಅರಿವೆ. ತೊಗಲು ಚೆನ್ನಾಗಿತ್ತು, ವಿಲಾಯತಿಯದು. ಒಳ್ಳೆಯ ಹಸುವಿನ ಬೆನ್ನಿನ ಭಾಗ. ಬೇಸಿಗೆಯ ಬಿಸಿಲಿಗೆ ಅಂಚುಗಳಲ್ಲಿ ಒಡೆದು, ಮಳೆಗಾಲದಲ್ಲಿ ಬೂಸಲು ಹಿಡಿದಿತ್ತು. ಯಾರೂ ಕೈಯಾಡಿಸಿರಲಿಲ್ಲ. ವಕೀಲರಿದ್ದಾಗ ಯುಗಾದಿಗೊಮ್ಮೆ, ಮೊಹರಮ್ಮಿಗೊಮ್ಮೆ ಅವನೇ ಹೋಗಿ ಎಣ್ಣೆ ಹಚ್ಚುತ್ತಿದ್ದ. ‘ಅಮಾತೆಪ್ಪಾ, ನಿನ್ನ ಕೈ ಆಡಿದ್ರ ಗಾದಿ ಮಗ್ಗಲದಾಗ ಮಲಗಿಸಿಕೊಂಡಂಗ ಆಗ್ತದ’ ಎನ್ನುತ್ತಿದ್ದರು ವಕೀಲರು, ಎಲ್ಲರೆದುರಿಗೂ. ಆ ಮಾತಿನಿಂದ ಹಿಗ್ಗಿ ಮನೆಗೆ ಬಂದು ತಮ್ಮ ಬಾಲಪ್ಪನ ಮುಂದೆ ಹೇಳಿದ್ದುಂಟು. ಬಾಲಪ್ಪ ದಾರ ಹೊಸೆಯುತ್ತಿದ್ದವನು ತಲೆ ಎತ್ತಿರಲಿಲ್ಲ. ನಿಜಾಮರ ಕಡೆಯ ರಜಾಕಾರರು ಬಂದು ತಮ್ಮ ಸೊಂಟಪಟ್ಟಿಗಳನ್ನು ಎಸೆದು ಹೊಲಿಸಿಕೊಂಡ ದಿನ, ಹೊಲಿಗೆ ತಡವಾಯಿತೆಂದು ಅದೇ ಪಟ್ಟಿಯಿಂದ ಬಾಲಪ್ಪನ ಮುಖಕ್ಕೆ ಹೊಡೆದಾಗ, ವಕೀಲರು ತಮ್ಮ ಪಡಸಾಲೆಯಲ್ಲಿ ನಿಂತಿದ್ದರು. ನೋಡಿದರು. ಒಳಗೆ ಹೋದರು. ಅವರೇನು ಮಾಡಬಹುದಿತ್ತು ಎಂದು ಅಮಾತೆಪ್ಪ ಆಗಲೂ ತಮ್ಮನಿಗೆ ಹೇಳಿದ್ದ. ಬಾಲಪ್ಪ ಕೆನ್ನೆಗೆ ಅರಿಶಿನ ಒತ್ತಿಕೊಂಡು, “ಕೆಮ್ಮಬಹುದಿತ್ತಲ್ಲ. ಬರೇ ಒಮ್ಮಿ ಕೆಮ್ಮಿದ್ರೂ ಸಾಕಿತ್ತು” ಎಂದಿದ್ದ.

ಇವತ್ತು ಬೆಳಿಗ್ಗೆ ಹೊರಡುವಾಗ ಗೋಡೆಯಾಚೆಯಿಂದ ಬಂದದ್ದೂ ಅಂಥದೇ ಒಂದು ಕೆಮ್ಮು. ವಕೀಲರ ಮನೆಯ ಹಿತ್ತಲಿಗೂ ಜೀನಗಾರರ ಅಂಗಳಕ್ಕೂ ನಡುವೆ ಇರುವುದು ಒಂದೇ ಗೋಡೆ. ಅದರಲ್ಲೊಂದು ಕಡೆ ಮಳೆಗೆ ಕುಸಿದು, ಅಲ್ಲಿ ಗೋಣಿತಟ್ಟಿನ ಪರದೆ ಇಳಿಬಿಟ್ಟಿದ್ದಾರೆ. ವಕೀಲರ ಹೆಂಡತಿ ಕುಬ್ರಾಬೇಗಂ ಅವರ ಮುಖವನ್ನು ಅಮಾತೆಪ್ಪ ಇಷ್ಟು ವರ್ಷದಲ್ಲಿ ಕಂಡಿಲ್ಲ. ಕಂಡದ್ದು ಮುಂಗೈ ಮಾತ್ರ. ಹಬ್ಬಕ್ಕೆ ಸುರಕುಂಬಾದ ಬಟ್ಟಲು ಹಿಡಿದು ಪರದೆಯಿಂದ ಹೊರಬರುವ ಮುಂಗೈ, ಅದರ ತುಂಬ ಹಸಿರು ಗಾಜಿನ ಬಳೆ.

“ಅಮಾತೆಪ್ಪ ಭಾಯ್, ಅವರ ಮೋಟಾರ್ ತೊಳೀಲಿಕ್ಕ ಹೊಂಟೀ ಅಂತ?”

“ಹೌದ್ರಿ ಅಮ್ಮಾ. ಎಣ್ಣಿ ಹಚ್ಚಾಕ ಕರದಾರ.”

“ಅದರಾಗ ಅವರದು ಏನಾರ...” ಪರದೆ ಅಲುಗಾಡಿತು. “ಏನೂ ಬ್ಯಾಡ. ಚಷ್ಮಾ ಬ್ಯಾಡ, ಟೋಪಿ ಬ್ಯಾಡ. ನನಗೊಂದ್ ಮಾತ್ ಬೇಕು, ಭಾಯ್. ಅವರು ಇದ್ದಾರೋ ಇಲ್ಲೋ. ಇದ್ರ ದಾರಿ ನೋಡ್ತೀನಿ, ಸಾಯೋತನಕ ನೋಡ್ತೀನಿ. ಇಲ್ಲಂದ್ರ ಗಂಡ ಸತ್ತೋಳಂಗ ಇದ್ದತ್ತಿಗಿ ಕುಂದ್ರಬೇಕು, ಫಾತಿಹಾ ಓದಿಸಬೇಕು. ಇದ್ದೋರಿಗಿ ಫಾತಿಹಾ ಓದಿಸಿದ್ರ ಪಾಪ. ಸತ್ತೋರಿಗಿ ಓದಿಸದೇ ಇದ್ರ? ಈ ಬಳಿ ಹಾಕ್ಕೊಂಡು ಕುಂತೀನಲ್ಲ, ಇದು ಪಾಪಲ್ಲೇನು? ಯಾರ್ ಹೇಳಬೇಕು ನನಗ?”

“ರಾಯರು ಗಾಡಿ ಹತ್ತಿಸೀವಿ ಅಂದಾರಲ್ರಿ ಅಮ್ಮಾ.”

“ನೀ ನೋಡಿ ಹೇಳು” ಎಂದಿತು ದನಿ. “ನೀ ಸುಳ್ಳು ಹೇಳಂಗಿಲ್ಲ.”

ನೀ ಸುಳ್ಳು ಹೇಳಂಗಿಲ್ಲ. ಅಮಾತೆಪ್ಪ ಅರಿವೆಯನ್ನು ಹಿಂಡಿದ. ಕೊಳಕು ನೀರು ಮೊಣಕೈವರೆಗೆ ಇಳಿಯಿತು. ಆ ವಾರದ ಒಂದು ಬೆಳಿಗ್ಗೆ ವಕೀಲರು ಅವನ ಬಾಗಿಲಿಗೆ ಬಂದಿದ್ದರು, ಮುಂಬಾಗಿಲಿಗಲ್ಲ, ಅದೇ ಕುಸಿದ ಗೋಡೆ ದಾಟಿ. ಶೆರವಾನಿಯ ಗುಂಡಿ ಹಾಕಿರಲಿಲ್ಲ. ನಗುತ್ತಲೇ ಇದ್ದರು, ಯಾವುದೋ ಮದುವೆಗೆ ಕರೆಯಲು ಬಂದವರಂತೆ. ‘ನಿನ್ನ ಜೀನಿನ ಕೋಣ್ಯಾಗ ಎರಡು ದಿನ ಕುಂದ್ರತೀನಿ ಅಮಾತೆಪ್ಪಾ. ಮಿಲಿಟರಿ ಬಂದ್ರ ಎಲ್ಲಾ ಸರಿ ಆಗ್ತದ.’ ಅವನು ಆ ಕೋಣೆಯ ಕಡೆ ನೋಡಿದ್ದ. ಒಳಗೆ ಹಳೆಯ ಜೀನುಗಳ ಮೇಲೆ ಬಾಲಪ್ಪ ಕೂತಿದ್ದ. ‘ಒಳಗ ವಾಸನಿ ಅದರಿ ಸಾಹೇಬ್ರ’ ಎಂದಿದ್ದ ಅಮಾತೆಪ್ಪ. ‘ತೊಗಲಿನ ವಾಸನಿ. ನಿಮಗ ಕುಂದ್ರಾಕ ಆಗಂಗಿಲ್ಲ.’ ವಕೀಲರು ಅವನನ್ನೇ ನೋಡಿದರು. ಆಮೇಲೆ, ಅವನ ಮಾನ ಕಾಯಲೆಂದೋ ಏನೋ, ಗಾಳಿ ಮೂಸಿದಂತೆ ಮಾಡಿ, ‘ಹೌದಪಾ, ಭಾಳ ಅದ’ ಎಂದರು. ಗೋಡೆ ದಾಟಿ ಹೋದರು. ಮಧ್ಯಾಹ್ನ ಭಗವಂತರಾಯರ ಮಂದಿ ಬಂದು ಅವರನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಹೋದರು.

ವಾಸನೆ ಇರಲಿಲ್ಲ. ಜೀನಗಾರರ ಮನೆಯಲ್ಲಿ ತೊಗಲಿನ ವಾಸನೆ ಇರುವುದಿಲ್ಲ, ಅದೇ ಅವರ ಹೆಮ್ಮೆ. ಹದವಾದ ತೊಗಲನ್ನು ಮಾತ್ರ ಮುಟ್ಟುವವರು ತಾವು, ಹಸಿ ತೊಗಲು ಮುಟ್ಟುವವರಲ್ಲ ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ಹದ ಮಾಡುವವರ ಮನೆಯಲ್ಲಿ ನೀರು ಕುಡಿಯದಷ್ಟು ಸೊಕ್ಕಿತ್ತು ಆ ಮಾತಿನಲ್ಲಿ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ನೆತ್ತರು ಆರದ ತೊಗಲು ತಾಕಿದರೆ ಹೊಸ್ತಿಲು ತುಳಿಯುವಂತಿಲ್ಲ, ಅಂಗಳದಲ್ಲೇ ಉಟ್ಟ ಬಟ್ಟೆಯ ಮೇಲೆ ತಣ್ಣೀರು ಸುರಿದುಕೊಂಡು ಒಳಗೆ ಬರಬೇಕು: ಆ ಮನೆಯ ರೀತಿ ಅದು. ಒಮ್ಮೆ ಸಂತೆಯಲ್ಲಿ ಯಾರದೋ ಬಂಡಿಯ ಹಸಿ ತೊಗಲು ತಗಲಿ ಅಪ್ಪ ರುಮಾಲು ಸಮೇತ ನೀರು ಹಾಕಿಕೊಳ್ಳುತ್ತಿದ್ದಾಗ, ಗೋಡೆಯಾಚೆ ವಕೀಲರನ್ನು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಕಿಲಕಿಲ ನಕ್ಕಿದ್ದಳು. ಅವ್ವ ಗೋಡೆಗೆ ಒರಗಿ ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದಳು. ನೆತ್ತರಿಗೆ ಅಷ್ಟು ಹೆದರ್ತೀರಾ ಎಂದು ಆ ಹುಡುಗಿ ಕೇಳಿದ್ದಳು. ಆಗ ಗೋಡೆ ಗಟ್ಟಿಯಾಗಿತ್ತು, ಪರದೆ ಇರಲಿಲ್ಲ, ದನಿಯಲ್ಲಿ ನಗು ಇತ್ತು.

ಹಿಂದಿನ ಗಾದಿ ಉಳಿದಿತ್ತು. ಅವನು ಮೋಟಾರಿನ ಒಳಗೆ ಮೊಣಕಾಲೂರಿದ. ಗಾದಿಯ ಮೇಲೆ ಕೂರದೆ ಕೆಳಗೆ ಮೊಣಕಾಲೂರಿಯೇ ಕೆಲಸ ಮಾಡಬೇಕೆಂದು ರಾಯರ ಅಪ್ಪಣೆ. ಅಂಗೈ ಇಟ್ಟ ಕೂಡಲೇ ಗೊತ್ತಾಯಿತು, ಮುಂದಿನದರಂತಲ್ಲ ಇದು. ಇಲ್ಲಿ ಬೂಸಲು ಇರಲಿಲ್ಲ. ಯಾರೋ ತೊಳೆದಿದ್ದರು. ಯಾರೋ ಅಲ್ಲ, ಕೈ ಬಲ್ಲವರು; ಸಾಬೂನಲ್ಲ, ಸೋಡಾ ಅಲ್ಲ. ಔಡಲೆಣ್ಣೆಯಲ್ಲಿ ಜೇನುಮೇಣ ಕರಗಿಸಿ ತಿಕ್ಕಿದ್ದರು, ಅವನ ಮನೆಯಲ್ಲಿ ಕಾಯಿಸುವಂತೆ. ಮೂಸಬೇಕೆಂದಿರಲಿಲ್ಲ, ಮೂಗೇ ಹೇಳಿತು. ಒರಗುವ ಕಡೆ, ಕೂತವನ ಪಕ್ಕೆಲುಬು ಬರುವಷ್ಟು ಎತ್ತರದಲ್ಲಿ, ಅಂಗೈಯಗಲದ ಒಂದು ಹೊಲಿಗೆ. ಹರಿದದ್ದಲ್ಲ, ಅಲಗು ಹೊಕ್ಕದ್ದು. ಹೊಲಿಗೆ ಎಷ್ಟು ಸಣ್ಣಗಿತ್ತೆಂದರೆ ಬೇರೆಯವರಿಗೆ ಕಾಣಿಸುತ್ತಿರಲಿಲ್ಲ. ಟಾಕುಗಳು ಎಡಕ್ಕೆ ಒರಗಿದ್ದವು. ಎಲ್ಲರ ಟಾಕೂ ಬಲಕ್ಕೆ ಒರಗುತ್ತದೆ. ಸುರಪುರದಲ್ಲಿ ಎಡಗೈಯಲ್ಲಿ ದಬ್ಬಣ ಹಿಡಿಯುವವನು ಒಬ್ಬನೇ. ಆ ಕೈಯನ್ನು ಬಲಕ್ಕೆ ತಿರುಗಿಸಲೆಂದು ಚಿಕ್ಕಂದಿನಲ್ಲಿ ಅಪ್ಪ ಸೌದೆಯಿಂದ ಹೊಡೆದಿದ್ದ, ಅಣ್ಣನಾದ ತಾನು ಅಡ್ಡ ನಿಂತು ಎರಡು ಪೆಟ್ಟು ತಿಂದಿದ್ದ.

ಆ ವಾರ ಒಂದು ಸಂಜೆ ಬಾಲಪ್ಪ ಮನೆಗೆ ಬಂದಾಗ ಅವನ ಕೈಯಿಂದ ಅಂಟವಾಳದ ವಾಸನೆ ಬರುತ್ತಿತ್ತು. ರಂಗಂಪೇಟೆಗೆ ಹೋಗಿದ್ದೆ ಎಂದ. ಅಲ್ಲಿ ಯಾರ ಜೀನು ತೊಳೆದೆ ಎಂದು ಅಮಾತೆಪ್ಪ ಕೇಳಲಿಲ್ಲ. ಹೆಂಡತಿ ದೇವಕಮ್ಮ ರೊಟ್ಟಿ ಹಾಕಿದಳು, ಇಬ್ಬರೂ ಉಂಡರು. ಮೆಣಸಿನಕಾಯಿ ಖಾರ ಹೆಚ್ಚಾಗಿದೆ ಎಂದು ಬಾಲಪ್ಪ ಅತ್ತಿಗೆಯನ್ನು ಹಾಸ್ಯ ಮಾಡಿದ್ದ ಕೂಡ.

ಬಾಗಿಲಲ್ಲಿ ನೆರಳು ಬಿತ್ತು. ಭಗವಂತರಾಯರು. ತಲೆಯ ಮೇಲೆ ಹೊಸ ಬಿಳಿ ಟೋಪಿ, ಅದು ಇನ್ನೂ ತಲೆಗೆ ಹೊಂದಿರಲಿಲ್ಲ. “ಎಷ್ಟಕ ಬಂತೋ ಸಮಗಾರ?”

ಸಮಗಾರ ಅಲ್ಲರಿ, ಜೀನಗಾರ ಎಂದು ಪ್ರತಿ ಸಲ ತಿದ್ದುತ್ತಿದ್ದ. ಇವತ್ತು ಆ ಹೆಸರಿಗೇ ಓಗೊಟ್ಟ. “ಆಗಾಕತ್ಯಾದ್ರಿ ಧಣಿ.”

“ಆ ಹೊಲಗಿ ಉಬ್ಬಿ ಕಾಣ್ತದ. ಸಾಹೇಬ್ರ ಬೆನ್ನಿಗಿ ಹತ್ತಬಾರದು. ಬಿಚ್ಚಿ ಮತ್ತೊಮ್ಮಿ ಹೊಲಿ.”

“ಯಾರ್ ಹೊಲದಿದ್ರಿ ಇದು?” ಕೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

ರಾಯರು ಅವನ ಮುಖ ನೋಡಿದರು. “ಮೊದಲಿಂದ ಇತ್ತು. ವಕೀಲ ಇದ್ದಾಗಿಂದ. ನಿನಗ ಗೊತ್ತಿಲ್ಲೇನು? ನೀನೇ ಅಲ್ಲೇನು ಎಣ್ಣಿ ಹಚ್ಚಾಂವ?”

“ಹೌದ್ರಿ” ಎಂದ ಅಮಾತೆಪ್ಪ. “ಇತ್ರಿ. ಮರತಿದ್ದೆ.”

“ಹಾಂ.” ರಾಯರು ಅಲ್ಲೇ ಒಂದು ಗೂಟಕ್ಕೆ ಒರಗಿ ನಿಂತರು.

ಅವನು ಟಾಕು ಬಿಚ್ಚಿದ. ತಮ್ಮನ ಗಂಟು ಬಿಚ್ಚುವುದು ಸುಲಭ, ಯಾವ ಕಡೆ ಎಳೆದರೆ ಸಡಿಲುತ್ತದೆಂದು ಅವನಿಗೆ ಗೊತ್ತಿತ್ತು. ತೊಗಲಿನ ಬಾಯಿ ತೆರೆಯಿತು. ಗಾದಿಯೊಳಗೆ ತುಂಬಿದ್ದ ಕೂದಲನ್ನು ಸರಿಪಡಿಸಲು ಬೆರಳು ಇಳಿಸಿದ. ಕುದುರೆಯ ಕೂದಲು ಬೆರಳಿಗೆ ಸಿಗಲಿಲ್ಲ. ಸಿಕ್ಕದ್ದು ಹೆಪ್ಪುಗಟ್ಟಿ ಒಣಗಿದ ಒಂದು ಗಂಟು, ಗಟ್ಟಿ, ಅಂಚುಗಳಲ್ಲಿ ಪುಡಿಯಾಗುವಂಥದು. ಮುಂಗೈವರೆಗೆ ಇಳಿಸಿದ, ಮುಗಿಯಲಿಲ್ಲ. ಕೆಳಗೆ ಗಾದಿಯ ಬುಡದವರೆಗೂ ಅದೇ ಇತ್ತು. ಹೊರಗೆ ತೊಳೆದಿದ್ದರು. ಒಳಗೆ ಯಾರು ತೊಳೆಯುತ್ತಾರೆ? ಇಷ್ಟು ನೆತ್ತರು ಬಿಟ್ಟ ಮನುಷ್ಯ ಯಾವ ಗಾಡಿಯನ್ನೂ ಹತ್ತಿರಲಾರ. ಒದ್ದೆ ಬೆರಳಿಗೆ ತಗಲಿ ಅದು ಮತ್ತೆ ಕರಗಿ ಉಗುರಿನ ಸಂದಿಯಲ್ಲಿ ಕೆಂಪಾಯಿತು. ಯಾವುದೋ ದೇಶದಲ್ಲಿ, ಯಾರೋ ಎಷ್ಟೋ ದಿನ ಹದ ಹಾಕಿ, ಗುಂಡಿಯಲ್ಲಿ ನೆನೆಸಿ, ನೆತ್ತರೆಲ್ಲ ತೆಗೆದು ಕಳಿಸಿದ ತೊಗಲು ಇಲ್ಲಿ ಬಂದು ಮತ್ತೆ ಹಸಿಯಾಗಿತ್ತು.

“ಏನಾತು?” ಎಂದರು ರಾಯರು.

“ಏನಿಲ್ರಿ. ಕೂದಲಾ ಗಂಟು ಕಟ್ಯಾವ.”

ಅವನು ಆ ಗಂಟಿನ ಮೇಲೆ ಹೊಸ ನಾರು ಮುಚ್ಚಿದ. ಬಾಯಿ ಹೊಲಿದ, ಬಲಕ್ಕೆ ಒರಗಿದ ಟಾಕುಗಳಲ್ಲಿ. ತಮ್ಮನ ಕೈ ಇತ್ತೆಂದು ಇನ್ನು ಯಾರೂ ಹೇಳಲಾರರು. ಅದು ಹೊಳೆದದ್ದು ಕೊನೆಯ ಗಂಟು ಬಿಗಿಯುವಾಗ, ಬಿಗಿಯುವ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಬಿಗಿಯಿತು. ಎಣ್ಣೆ ಹಚ್ಚಿದ. ಒಣ ಅರಿವೆಯಿಂದ ಉಜ್ಜಿದ. ಗಾದಿ ಹೊಳೆಯಿತು. ಇಷ್ಟು ಚೆನ್ನಾಗಿ ಅವನು ವಕೀಲರಿಗೂ ಮಾಡಿಕೊಟ್ಟಿರಲಿಲ್ಲ.

“ಎಣ್ಣಿ ಹತ್ತತದೇನು? ಸಾಹೇಬ್ರು ಉಡೂದು ಬಿಳೀ ಅರಬಿ. ಕುಂತು ನೋಡು.”

“ಬ್ಯಾಡ್ರಿ ಧಣಿ. ಕುಂದ್ರಬಾರದು ಅಂದಿದ್ರಿ.”

“ಈಗ ಕುಂದುರು ಅನ್ನಾಕತ್ತೇನಲ್ಲ. ಜೀನಿನ ಮ್ಯಾಲ ನಿಮ್ಮಪ್ಪ ಕುಂತು ತೋರಸ್ತಿದ್ದಿಲ್ಲೇನು?”

ಹುಲಗಪ್ಪನೂ ಬಂದು ನಿಂತಿದ್ದ. “ಕುಂದುರು ಕಾಕಾ, ಪುಕ್ಕಟ ಸವಾರಿ!” ಎಂದ. ಅಮಾತೆಪ್ಪ ಕೂತ. ಒರಗು ಎಂದರು, ಒರಗಿದ. ಹೊಲಿಗೆ ಬೆನ್ನಿಗೆ ಹತ್ತಲಿಲ್ಲ. ಗಾದಿ ಮೆತ್ತಗೆ, ಮಗ್ಗುಲಲ್ಲಿ ಮಲಗಿಸಿಕೊಂಡಂತೆ, ಅವನನ್ನು ಹಿಡಿದುಕೊಂಡಿತು. ಗಾಜಿನಾಚೆ ಇಬ್ಬರೂ ನಿಂತು ನೋಡುತ್ತಿದ್ದರು. ವಕೀಲರಿಗೂ ಹೀಗೇ ಕಂಡಿರಬೇಕು: ಗಾಜಿನಾಚೆ ಗುರುತಿನ ಮುಖಗಳು, ಯಾರೂ ಕೆಮ್ಮುತ್ತಿಲ್ಲ. ಇಳಿದಾಗ ರಾಯರು ಅವನನ್ನು ತಿರುಗಿಸಿ ನಿಲ್ಲಿಸಿ ಧೋತರದ ಹಿಂಭಾಗ ನೋಡಿದರು. “ಶಾಬಾಸ್. ಎಣ್ಣಿ ಕಲಿ ಇಲ್ಲ.”

ಮನೆಯ ದಾರಿಯಲ್ಲಿ ಅವನು ಒಂದೇ ಮಾತನ್ನು ಕಲಿಯುತ್ತ ನಡೆದ. ‘ಏನೂ ಇದ್ದಿಲ್ರಿ ಅಮ್ಮಾ.’ ಹೊತ್ತು ಇಳಿಯುತ್ತಿತ್ತು, ಕುರಿಗಳು ಗುಡ್ಡದಿಂದ ಧೂಳೆಬ್ಬಿಸುತ್ತ ಬರುತ್ತಿದ್ದವು. ಹೇಳಿದರೆ, ಯಾರು ಎಂದು ಕೇಳುತ್ತಾಳೆ. ಕೇಳದಿದ್ದರೂ ಊರು ಕೇಳುತ್ತದೆ, ಮಿಲಿಟರಿಯವರು ಕೇಳುತ್ತಾರೆ, ಆಗ ಸಿಗುವುದು ರಾಯರ ಬಿಳಿ ಟೋಪಿಯಲ್ಲ, ತಮ್ಮನ ಎಡಗೈ. ಹೇಳದಿದ್ದರೆ ಅವಳು ಬಳೆ ಹಾಕಿಕೊಂಡು ಕೂತಿರುತ್ತಾಳೆ. ಕೂತಿರಲಿ. ಆಸೆ ಇದ್ದರೆ ಒಳ್ಳೆಯದೇ ಅಲ್ಲವೇ. ಇದ್ದಿಲ್ರಿ ಅಮ್ಮಾ, ಏನೂ ಇದ್ದಿಲ್ಲ. ಮೊದಲು ‘ಏನೂ’ ಬರಬೇಕೋ, ‘ಅಮ್ಮಾ’ ಬರಬೇಕೋ? ದನಿ ನಡುಗಬಾರದು. ಆ ಮಾತು ಅವನ ಬುದ್ಧಿಯನ್ನೆಲ್ಲ ತಿಂದುಬಿಟ್ಟಿತ್ತು. ಕಾಲು, ಕೈ ತಮಗೆ ಗೊತ್ತಿದ್ದುದನ್ನು ಮಾಡುತ್ತಿದ್ದವು. ಅಂಗಳಕ್ಕೆ ಬಂದ. ಹೊಸ್ತಿಲ ಕಡೆ ಹೋಗಲಿಲ್ಲ. ಗೋಡೆಯ ಪಕ್ಕದ ನೀರಿನ ಕಲ್ಲುದೋಣಿಯ ಬಳಿ ನಿಂತು, ತಂಬಿಗೆ ತುಂಬಿ, ರುಮಾಲು ತೆಗೆಯದೆ, ಅಂಗಿ ಬಿಚ್ಚದೆ ತಲೆಯ ಮೇಲೆ ಸುರಿದುಕೊಂಡ. ತಣ್ಣೀರು. ಮತ್ತೊಂದು ಸುರಿದುಕೊಂಡ.

“ಅಯ್ಯ ನನ ಶಿವನ!” ದೇವಕಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಅರಬಿ ಸಮೇತ? ಈ ಥಂಡ್ಯಾಗ? ಎಲ್ಲಿ ಮುಟ್ಟಿದ್ರಿ ಹಸಿ ತೊಗಲಾ? ಮೋಟಾರದ ಗಾದಿಗಿ ಅಲ್ಲೇನ್ರಿ ಹೋಗಿದ್ದು?”

ತಂಬಿಗೆ ಗಾಳಿಯಲ್ಲಿ ನಿಂತಿತು. ಜಗಲಿಯ ಮೇಲೆ ಬಾಲಪ್ಪ ದಾರಕ್ಕೆ ಮೇಣ ತಿಕ್ಕುತ್ತ ಕೂತಿದ್ದ. ಎಡಗೈಯ ದಾರ ಹಾಗೇ ಬಿಗಿದು ನಿಂತಿತು. ಅಮಾತೆಪ್ಪ ಮೆಲ್ಲನೆ ಗೋಡೆಯ ಕಡೆ ತಿರುಗಿದ. ಗೋಣಿತಟ್ಟಿನ ಅಂಚನ್ನು ಹಿಡಿದುಕೊಂಡು ಆ ಮುಂಗೈ ಇತ್ತು. ಎಷ್ಟು ಹೊತ್ತಿನಿಂದ ಇತ್ತೋ. ಕಲಿತ ಮಾತನ್ನು ಹೇಳಲು ಅವನು ಬಾಯಿ ತೆರೆದ. ನೀರು ಬಾಯೊಳಗೆ ಹೋಯಿತು. ಮುಂಗೈ ಪರದೆಯನ್ನು ಬಿಟ್ಟಿತು.

ಆಮೇಲೆ ಆಚೆಯ ಕಲ್ಲಿನ ಮೇಲೆ ಗಾಜು ಒಡೆದ ಸದ್ದು. ಅಳು ಇಲ್ಲ, ಕೂಗು ಇಲ್ಲ. ಒಂದು ಒಡೆಯಿತು, ತಡೆದು ಇನ್ನೊಂದು, ಅವಸರವಿಲ್ಲದೆ, ಕಾಳು ಹಸನು ಮಾಡುವವರಂತೆ. ದೇವಕಮ್ಮ ಹಿಟ್ಟಿನ ಕೈಯನ್ನು ಬಾಯಿಗೆ ಒತ್ತಿಕೊಂಡಳು, ಗಂಡನನ್ನು ನೋಡಿದಳು, ಮೈದುನನನ್ನು ನೋಡಿದಳು, ಒಳಗೆ ಹೋಗಿ ಒಲೆಯ ಮುಂದೆ ಕೂತಳು. ರೊಟ್ಟಿ ಬಡಿಯುವ ಸದ್ದು ಬರಲಿಲ್ಲ.

ಬಾಲಪ್ಪ ಎದ್ದು ಬಂದ. “ನಾ ಬರೇ ಹೊಲದೆ ಅಣ್ಣಾ” ಎಂದ ಗಂಟಲಲ್ಲೇ. “ತೊಳಿ ಅಂದ್ರು, ತೊಳದೆ. ಹೊಲಿ ಅಂದ್ರು, ಹೊಲದೆ. ನಾ ಹೋಗೂದ್ರಾಗ ಎಲ್ಲಾ ಮುಗದಿತ್ತು.”

ನಿಜವಿರಬಹುದು. ಇಲ್ಲದಿರಬಹುದು. ಅಮಾತೆಪ್ಪ ತಮ್ಮನ ಕೈಯನ್ನು ನೋಡಿದ. “ಆವತ್ತು ನೀ ನೀರ ಹಾಕ್ಕೊಂಡಿದ್ದಿಲ್ಲ.”

“ಹಾಕ್ಕೊಂಡಿದ್ರ ನೀ ಕೇಳ್ತಿದ್ದಿ.”

ಗೋಡೆಯಾಚೆ ಸದ್ದು ನಿಂತಿತ್ತು. ಮುಗಿದವೋ, ಅವಳೇ ನಿಲ್ಲಿಸಿದಳೋ ತಿಳಿಯಲಿಲ್ಲ. ಅವನ ಅಂಗಿಯಿಂದ ಇಳಿದ ನೀರು, ಎಣ್ಣೆಯ ಹೊಳಪು ಹೊತ್ತುಕೊಂಡು, ಅಂಗಳ ದಾಟಿ ಗೋಡೆಯ ಬುಡದ ಕಿಂಡಿಯಿಂದ ಆ ಕಡೆಗೆ ಹರಿಯುತ್ತಿತ್ತು. ಅಮಾತೆಪ್ಪ ಅದನ್ನೇ ನೋಡುತ್ತ ನಿಂತ.

“ಇಲ್ಲೋ” ಎಂದ. “ಕೇಳ್ತಿದ್ದಿಲ್ಲ ನಾ.”